ಬೆಳ್ಳಿತೆರೆಯ ಐವರು ದೈತ್ಯರು

ಚಲಚ್ಚಿತ್ರಗಳ ಇತಿಹಾಸವನ್ನು ಬರೆಯುವವರು ನಾಯಕರನ್ನು ನೆನೆಯುತ್ತಾರೆ, ನಾಯಿಕೆಯರನ್ನು ನೆನೆಯುತ್ತಾರೆ, ಹಾಡುಗಳನ್ನಂತೂ ಮರೆಯುವುದೇ ಇಲ್ಲ. ತೆರೆಯ ತುಂಬ ನಿಂತು ಊರು ತುಳಿದ ದೈತ್ಯರಿಗೆ ಮಾತ್ರ ಅಡಿಟಿಪ್ಪಣಿಯಲ್ಲಿ ಜಾಗ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ. ನೂರು ವರ್ಷಗಳಿಂದ ಜನ ಕಾಸು ಕೊಟ್ಟು, ಸಾಲಿನಲ್ಲಿ ನಿಂತು, ಕತ್ತಲೆಯಲ್ಲಿ ಕುಳಿತು ಹೆದರಿ ಬರುತ್ತಿದ್ದಾರೆ. ಹೆದರಿಸಿದರೆಂದು ಹಣ ಹಿಂದಕ್ಕೆ ಕೇಳಿದವರಿಲ್ಲ. ಹೆದರಿಕೆ ಸಾಲದೆಂದು ಗೊಣಗಿದವರುಂಟು. ಇಂಥ ವಿಚಿತ್ರ ವ್ಯಾಪಾರಕ್ಕೂ ಒಂದು ಇತಿಹಾಸ ಇರಲೇಬೇಕಲ್ಲವೆ? ಅದನ್ನು ನನಗೆ ಮೆಚ್ಚಿಗೆಯಾದ ಐವರು ದೈತ್ಯರ ಯಾದಿಯ ರೂಪದಲ್ಲಿ ಇಲ್ಲಿ ಹೇಳಲು ಹೊರಟಿದ್ದೇನೆ.

ಯಾದಿಯೆಂದ ಮೇಲೆ ಅಳತೆಗೋಲು ಬೇಕು. ನನ್ನ ಅಳತೆಗೋಲು ನಾರಾವಿಯದು. ಕುದುರೆಮುಖದ ಬೆಟ್ಟಸಾಲಿನ ಅಡಿಯಲ್ಲಿರುವ, ಬೆಳ್ತಂಗಡಿ ತಾಲೂಕಿನ ಆ ಊರನ್ನು ಹೊರಗಿನವರು ಸೂರ್ಯನಾರಾಯಣ ದೇವಸ್ಥಾನದಿಂದ ಗುರುತಿಸುತ್ತಾರೆ. ಅಲ್ಲಿಂದ ಒಂದು ಕಡೆಗೆ ಹೊರಟರೆ ಕಾರ್ಕಳ; ಅಲ್ಲಿ ೧೪೩೨ರಲ್ಲಿ ನಿಲ್ಲಿಸಿದ, ಸುಮಾರು ೪೨ ಅಡಿ ಎತ್ತರದ ಗೊಮ್ಮಟ. ಇನ್ನೊಂದು ಕಡೆಗೆ ಹೊರಟರೆ ವೇಣೂರು. ಅಲ್ಲಿ ೧೬೦೪ರಲ್ಲಿ ನಿಲ್ಲಿಸಿದ, ೩೫ ಅಡಿಯ ಗೊಮ್ಮಟ. ಈ ಎರಡು ಮಹಾಮೂರ್ತಿಗಳ ಆಸುಪಾಸಿನಲ್ಲಿ ಬೆಳೆದವನಿಗೆ ಒಂದು ಪಾಠ ತಾನಾಗಿಯೇ ಬರುತ್ತದೆ. ಬರಿಯ ಎತ್ತರದಿಂದ ಹೆದರಿಕೆ ಹುಟ್ಟುವುದಿಲ್ಲ. ಗೊಮ್ಮಟನ ಪಾದದ ಬಳಿ ನಿಂತ ಮಗು ಅಳುವುದಿಲ್ಲ. ಕತ್ತೆತ್ತಿ ನೋಡಿ ನಗುತ್ತದೆ.

ಹೆದರಿಕೆಯ ಪಾಠವನ್ನು ನಾವು ಕಲಿತದ್ದು ಕೊಯ್ಲಾದ ಗದ್ದೆಯಲ್ಲಿ. ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವುದರೊಳಗೆ ಒಮ್ಮೆಯಾದರೂ ನಮ್ಮ ಕಡೆಗೆ ಬರುತ್ತಿದ್ದವು. ಆಟ ದೇವಿಮಹಾತ್ಮೆಯಾದರೆ ಮಕ್ಕಳು ನಿದ್ದೆಯನ್ನು ತಡೆದು ಕಾಯುತ್ತಿದ್ದುದು ಮಹಿಷಾಸುರನಿಗಾಗಿ. ತೆಂಕುತಿಟ್ಟಿನಲ್ಲಿ ಇಂಥ ರಾಕ್ಷಸ ಪಾತ್ರಗಳಿಗೆ ಬಣ್ಣದ ವೇಷವೆಂದು ಹೆಸರು. ಚೌಕಿಯಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಚಿಟ್ಟಿ ಇಡುವುದಕ್ಕೆ ಗಂಟೆಗಟ್ಟಲೆ ಬೇಕು. ಬಣ್ಣದ ಮಾಲಿಂಗನವರಂಥ ಕಲಾವಿದರಿಗೆ ಆ ಬಣ್ಣವೇ ಹೆಸರಿನ ಭಾಗವಾಗಿ ಉಳಿಯಿತು. ನಡುರಾತ್ರಿ ಕಳೆದು ಚೆಂಡೆಯ ಪೆಟ್ಟು ಏರುವಾಗ ದೂರದ ಕತ್ತಲೆಯಲ್ಲಿ ಒಂದು ಆರ್ಭಟ. ಎಲ್ಲರೂ ರಂಗಸ್ಥಳವನ್ನು ಬಿಟ್ಟು ಬೆನ್ನ ಹಿಂದಕ್ಕೆ ತಿರುಗಿ ನೋಡುತ್ತಾರೆ. ದೀವಟಿಗೆಗೆ ಎರಚಿದ ರಾಳ ಭಗ್ಗನೆ ಹತ್ತಿಕೊಂಡ ಬೆಳಕಿನಲ್ಲಿ ಒಂದು ಮುಖ ಕಾಣಿಸಿ ಮಾಯವಾಗುತ್ತದೆ. ಮತ್ತೆ ಕತ್ತಲೆ, ಮತ್ತೆ ಬೆಂಕಿ, ಈಗ ಅದು ಇನ್ನಷ್ಟು ಹತ್ತಿರ. ನಮ್ಮ ನಡುವೆಯೇ ದಾರಿ ಮಾಡಿಕೊಂಡು ಅದು ಬರುತ್ತದೆ. ಆರಡಿಯ ಮನುಷ್ಯ ಆ ಹೊತ್ತಿನಲ್ಲಿ ತೆಂಗಿನ ಮರಕ್ಕಿಂತ ಎತ್ತರ.

ಆ ಗದ್ದೆಯಲ್ಲಿ ಕಲಿತ ಮೂರು ಪ್ರಶ್ನೆಗಳನ್ನೇ ನಾನು ಬೆಳ್ಳಿತೆರೆಯ ದೈತ್ಯರಿಗೂ ಕೇಳುತ್ತೇನೆ. ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಹೇಗೆ? ಅವನನ್ನು ಕರೆತಂದವರು ಯಾರು? ಅವನು ಬಿದ್ದ ಮೇಲೆ ನೋಡಿದವರಲ್ಲಿ ಉಳಿದದ್ದು ಏನು?

ಐದನೆಯ ಸ್ಥಾನವನ್ನು ಕಾಳಿಂಗನಿಗೆ ಕೊಡುತ್ತೇನೆ. ದಾದಾಸಾಹೇಬ ಫಾಲ್ಕೆಯವರು ‘ಕಾಲಿಯ ಮರ್ದನ’ವನ್ನು ತೆರೆಗೆ ತಂದದ್ದು ೧೯೧೯ರಲ್ಲಿ. ಕೃಷ್ಣನ ಪಾತ್ರವನ್ನು ಮಾಡಿದವಳು ಅವರ ಮಗಳು ಮಂದಾಕಿನಿ, ಇನ್ನೂ ಪುಟ್ಟ ಹುಡುಗಿ. ಮಾತಿಲ್ಲದ ಆ ಚಿತ್ರದಲ್ಲಿ ಮಗುವೊಂದು ನೀರಿನೊಳಗೆ ಮಹಾಸರ್ಪದೊಡನೆ ಹೋರಾಡುವುದನ್ನು ಕಂಡಾಗ ನಮಗೆ ಉಪಾಯ ತಿಳಿದುಹೋಗುತ್ತದೆ, ನಿಜ. ಆದರೆ ಹಾವನ್ನು ದೊಡ್ಡದು ಮಾಡುವುದಕ್ಕೆ ಎದುರಾಳಿಯನ್ನು ಚಿಕ್ಕವಳನ್ನಾಗಿ ಮಾಡಿದ ಜಾಣ್ಮೆಗೆ ತಲೆದೂಗಲೇಬೇಕು. ಭಾಗವತದ ಕಾಳಿಂಗನೂ ಸುಮ್ಮನೆ ಕೆಟ್ಟವನಲ್ಲ. ಗರುಡನ ಭಯದಿಂದ ಯಮುನೆಯ ಮಡುವಿಗೆ ಓಡಿ ಬಂದವನು. ಅವನ ವಿಷದಿಂದ ನದಿಯೇ ಕೆಟ್ಟಿತು. ಕೊನೆಗೆ ಅವನನ್ನು ಕೊಲ್ಲುವುದಿಲ್ಲ, ಸಮುದ್ರಕ್ಕೆ ಕಳುಹಿಸುತ್ತಾರೆ.

ನಾಲ್ಕನೆಯವನು ನಮ್ಮ ಕನ್ನಡದ ಮಹಿಷಾಸುರ. ಬಿ. ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ ೧೯೫೯ರಲ್ಲಿ ಬಂದಾಗ ಮಹಿಷಾಸುರನಾಗಿ ನಿಂತವರು ರಾಜಕುಮಾರ್. ಅದಕ್ಕೆ ಒಂದು ವರ್ಷ ಮೊದಲು ‘ಭೂಕೈಲಾಸ’ದಲ್ಲಿ ಅವರೇ ರಾವಣ. ನಾಟಕದ ಕಂಪೆನಿಗಳಲ್ಲಿ ಪಳಗಿದ ಕಂಠ ಅವರದು. ಪಾಶ್ಚಾತ್ಯರ ದೈತ್ಯನು ಗರ್ಜಿಸುತ್ತಾನೆ. ನಮ್ಮ ದೈತ್ಯನು ಮಾತನಾಡುತ್ತಾನೆ, ವಾದಿಸುತ್ತಾನೆ, ದೇವತೆಗಳಿಗೆ ಲೆಕ್ಕ ಕೇಳುತ್ತಾನೆ. ಅವನನ್ನು ಕರೆತಂದವರು ಯಾರೆಂಬುದಕ್ಕೆ ಪುರಾಣದ ಉತ್ತರ ಸ್ಪಷ್ಟವಾಗಿದೆ: ವರ ಕೊಟ್ಟವನು ಬ್ರಹ್ಮ. ಅಪಾಯ ಹೊರಗಿನಿಂದ ಬಂದುದಲ್ಲ. ಮೇಲಿನವರ ಕೈಯಿಂದಲೇ ಬಂದುದು. ಆದರೂ ನನ್ನ ಗದ್ದೆಯ ಮಹಿಷಾಸುರನನ್ನು ಕಂಡ ಮೇಲೆ ತೆರೆಯ ಮಹಿಷಾಸುರನು ಆಸ್ಥಾನದ ಬೆಳಕಿನಲ್ಲಿ ತುಸು ಹೆಚ್ಚು ಹೊತ್ತು ನಿಂತಂತೆ ತೋರುತ್ತಾನೆ. ಹೀಗಾಗಿ ನಾಲ್ಕನೆಯ ಸ್ಥಾನ.

ಮೂರನೆಯವನು ಘಟೋತ್ಕಚ. ಕೆ. ವಿ. ರೆಡ್ಡಿಯವರು ೧೯೫೭ರಲ್ಲಿ ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ತೆಗೆದ ‘ಮಾಯಾಬಜಾರ್’ ನೋಡದ ಹಿರಿಯರು ನಮ್ಮಲ್ಲಿ ಕಡಮೆ. ಮದುವೆಮನೆಯ ಲಾಡುಗಳು ತಾವಾಗಿಯೇ ಹಾರಿ ಎಸ್. ವಿ. ರಂಗರಾಯರ ಬಾಯಿಗೆ ಬೀಳುವುದನ್ನು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್‌ಲಿ ತೋರಿಸಿದ ರೀತಿಗೆ ಇಂದಿಗೂ ಬೆರಗಾಗುವವರಿದ್ದಾರೆ. ಇಲ್ಲಿ ದೈತ್ಯನು ಮನೆಯವನು. ನಮ್ಮ ಭೀಮಣ್ಣನ ಮಗ. ಅವನನ್ನು ಕಂಡು ಮಕ್ಕಳು ನಗುತ್ತಾರೆ. ಆದರೆ ಚಿತ್ರ ಮುಗಿದ ಮೇಲೆ ಭಾರತದ ಕಥೆ ಮುಂದುವರಿಯುತ್ತದೆಂಬುದನ್ನು ಬಲ್ಲವರಿಗೆ ಆ ನಗೆಯ ಹಿಂದೆ ಒಂದು ನೋವು ಕಾಣುತ್ತದೆ. ಅರ್ಜುನನಿಗಾಗಿ ಕಾದಿಟ್ಟಿದ್ದ ಶಕ್ತ್ಯಾಯುಧವನ್ನು ಕರ್ಣನು ಇವನ ಮೇಲೆ ಬಿಡಬೇಕಾಯಿತು. ಸಾಯುವಾಗ ಇವನು ತನ್ನ ದೇಹವನ್ನು ಹಿಗ್ಗಿಸಿ ಕೌರವ ಸೇನೆಯ ಮೇಲೆ ಬಿದ್ದು ಒಂದು ಅಕ್ಷೋಹಿಣಿಯನ್ನು ಅರೆದನೆಂದು ವ್ಯಾಸಭಾರತ ಹೇಳುತ್ತದೆ. ಪಾಂಡವರು ಅತ್ತರು; ಕೃಷ್ಣನು ಸಂತೋಷಪಟ್ಟನು. ದೈತ್ಯನ ಸಾವಿನ ಮುಂದೆ ಎರಡು ಮನಸ್ಸಾಗುವುದನ್ನು ನಮ್ಮವರು ಎಷ್ಟು ಹಿಂದೆಯೇ ಕಂಡುಕೊಂಡಿದ್ದರು!

ಈ ಎರಡು ಮನಸ್ಸನ್ನು ಬೆಳ್ಳಿತೆರೆಗೆ ತಂದು ಜಗತ್ತಿಗೆಲ್ಲ ಹಂಚಿದವನು ಎರಡನೆಯ ಸ್ಥಾನದ ಕಿಂಗ್ ಕಾಂಗ್. ೧೯೩೩ರಲ್ಲಿ ಮೇರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೂಡ್‌ಸ್ಯಾಕ್ ನಿರ್ಮಿಸಿದ ಚಿತ್ರವದು. ಕಾಡಿನ ರಾಜನಾದ ಆ ಮಹಾವಾನರನು ನಿಜವಾಗಿ ಒಂದೂವರೆ ಅಡಿಯ ಬೊಂಬೆ. ಒಳಗೆ ಲೋಹದ ಎಲುಬು, ಹೊರಗೆ ಮೊಲದ ಚರ್ಮ. ವಿಲಿಸ್ ಒಬ್ರಿಯನ್ ಮತ್ತು ಅವನ ಸಂಗಡಿಗರು ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಮತ್ತೊಂದು ಚಿತ್ರ ತೆಗೆದರು. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂಥವು ೨೪ ಚಿತ್ರಗಳು. ಕಾಂಗ್‌ನ ಮೈಮೇಲಿನ ರೋಮ ಗಾಳಿ ಬೀಸಿದಂತೆ ಅಲುಗುವುದನ್ನು ನೋಡಿದವರು ಗಮನಿಸಿರಬೇಕು. ಅದು ಬೊಂಬೆಯನ್ನು ಸರಿಸಿದವರ ಬೆರಳಿನ ಗುರುತು.

ಅವನನ್ನು ಕರೆತಂದವರು ಯಾರು? ಟಿಕೆಟ್ಟು ಮಾರುವ ಆಸೆಯಿಂದ ಹಡಗಿನಲ್ಲಿ ಹಾಕಿಕೊಂಡು ಬಂದ ಪ್ರದರ್ಶನಕಾರ. ಸಂಕೋಲೆ ಹರಿದ ಪ್ರಾಣಿ ೧೯೩೧ರಲ್ಲಿಯಷ್ಟೇ ಕಟ್ಟಿ ಮುಗಿಸಿದ್ದ ಎಂಪೈರ್ ಸ್ಟೇಟ್ ಕಟ್ಟಡವನ್ನು ಏರಿತು. ವಿಮಾನಗಳು ಅದನ್ನು ಕೊಂದವು. ಅದಕ್ಕೆ ಗುಂಡು ಹೊಡೆಯುವ ವಿಮಾನದಲ್ಲಿ ಕುಳಿತವರ ಪಾತ್ರವನ್ನು ಕೂಪರ್ ಮತ್ತು ಶೂಡ್‌ಸ್ಯಾಕ್ ತಾವೇ ವಹಿಸಿದರು. ಹುಟ್ಟಿಸಿದವರೇ ಕೊಂದರು. ಆ ಮಹಾಶರೀರ ಕೆಳಗೆ ಬಿದ್ದಾಗ ಗೆದ್ದೆವೆಂದು ಚಪ್ಪಾಳೆ ತಟ್ಟಲು ಯಾರಿಗೂ ಕೈಯೇಳುವುದಿಲ್ಲ.

ಹಾಗಾದರೆ ಮೊದಲಿಗ ಯಾರು? ಜಪಾನಿನ ಗಾಡ್ಜಿಲ್ಲಾ. ಇದನ್ನು ಹೇಳಲು ಇತಿಹಾಸವನ್ನು ಸ್ವಲ್ಪ ತಿರುವಿ ಹಾಕಬೇಕು. ೧೯೫೪ರ ಮಾರ್ಚ್ ೧ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬನ್ನು ಸಿಡಿಸಿ ನೋಡಿತು. ಅದರ ಬಲ ಹಿರೋಶಿಮಾದ ಬಾಂಬಿನ ಸುಮಾರು ಸಾವಿರ ಪಾಲು. ಮೀನು ಹಿಡಿಯಲು ಹೋಗಿದ್ದ ‘ಫುಕುರ್ಯು ಮಾರು’ ಎಂಬ ಜಪಾನಿ ದೋಣಿಯ ೨೩ ಮಂದಿಯ ಮೇಲೆ ಬಿಳಿಯ ಬೂದಿ ಸುರಿಯಿತು. ದೋಣಿಯ ರೇಡಿಯೋ ನಿರ್ವಾಹಕ ಕುಬೊಯಾಮಾ ಸೆಪ್ಟೆಂಬರ್ ೨೩ರಂದು ತೀರಿಕೊಂಡನು. ಅದಾಗಿ ಆರು ವಾರ ತುಂಬುವುದರೊಳಗೆ, ನವೆಂಬರ್ ೩ರಂದು, ಇಶಿರೊ ಹೊಂಡಾ ನಿರ್ದೇಶಿಸಿದ ‘ಗಾಡ್ಜಿಲ್ಲಾ’ ಬಿಡುಗಡೆಯಾಯಿತು. ಚಿತ್ರದ ಮೊದಲಿಗೇ ಸಮುದ್ರದ ನಡುವೆ ಒಂದು ಹಡಗು ಬೆಂಕಿಗೆ ಆಹುತಿಯಾಗುತ್ತದೆ. ಕೊಟ್ಟಿಗೆಯಲ್ಲಿ ಕುಳಿತಂತೆ ಕುಳಿತು ನೋಡುತ್ತಿದ್ದ ಜಪಾನಿನ ಪ್ರೇಕ್ಷಕರಿಗೆ ಅದು ಯಾವ ದೋಣಿಯೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಂಬಿನ ಪರೀಕ್ಷೆಯಿಂದ ನಿದ್ದೆಗೆಟ್ಟು ಎದ್ದ ಆ ಪ್ರಾಣಿಯ ಎತ್ತರ ೫೦ ಮೀಟರು ಎಂದು ಕಥೆ.

ಒಮ್ಮೆ ಈ ಚಿತ್ರವನ್ನು ನಾರಾವಿಯ ನಮ್ಮ ಸೋದರಮಾವನವರಿಗೆ ತೋರಿಸಿದೆ. ಆಟ ನೋಡಿ ತಲೆ ನರೆಸಿಕೊಂಡವರು. ಟೋಕಿಯೋ ಉರಿಯುತ್ತಿರುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

“ವೇಷ ಯಾರದ್ದು, ಮಾರಾಯ?”

“ನಕಾಜಿಮಾ ಎಂಬವರದ್ದು, ಮಾವ.”

“ಹೆಜ್ಜೆ ಒಳ್ಳೆಯದುಂಟು. ಅವಸರ ಮಾಡುವುದಿಲ್ಲ.”

ಚಿತ್ರವಿಮರ್ಶಕರು ಪುಟಗಟ್ಟಲೆ ಬರೆದುದನ್ನು ಮಾವನವರು ಮೂರು ಮಾತಿನಲ್ಲಿ ಮುಗಿಸಿದರು. ಒಳಗೆ ನಿಜವಾಗಿಯೂ ಮನುಷ್ಯನಿದ್ದ. ಹರುವೊ ನಕಾಜಿಮಾ ೧೯೫೪ರಿಂದ ೧೯೭೨ರ ವರೆಗೆ ೧೨ ಚಿತ್ರಗಳಲ್ಲಿ ಗಾಡ್ಜಿಲ್ಲಾನ ವೇಷ ತೊಟ್ಟವರು, ೨೦೧೭ರಲ್ಲಿ ತೀರಿಕೊಂಡರು. ಮೊದಲ ವೇಷದ ತೂಕ ಸುಮಾರು ನೂರು ಕಿಲೋ. ನಡಿಗೆಯನ್ನು ಕಲಿಯಲು ಅವರು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡಿ ಬರುತ್ತಿದ್ದರು. ಕಾಲಡಿಯ ಪಟ್ಟಣ ಆಟಿಕೆಯದು. ಚಮತ್ಕಾರಗಳ ಹೊಣೆ ಹೊತ್ತಿದ್ದ ಐಜಿ ತ್ಸುಬುರಾಯಾ ಕ್ಯಾಮೆರಾವನ್ನು ಎಂದಿಗಿಂತ ವೇಗವಾಗಿ ಓಡಿಸಿ ಚಿತ್ರ ತೆಗೆದರು. ತೆರೆಯ ಮೇಲೆ ಸಾಮಾನ್ಯ ವೇಗದಲ್ಲಿ ತೋರಿಸಿದಾಗ ಚಲನೆ ನಿಧಾನವಾಯಿತು, ನಿಧಾನದಿಂದ ಭಾರ ಬಂತು. ಸಂಗೀತಗಾರ ಇಫುಕುಬೆ ದೊಡ್ಡ ಪಿಟೀಲಿನ ಸಡಿಲಿಸಿದ ತಂತಿಯ ಮೇಲೆ ರಾಳ ಸವರಿದ ಚರ್ಮದ ಕೈಗವುಸನ್ನು ಎಳೆದು ಅದರ ಕೂಗನ್ನು ಹುಟ್ಟಿಸಿದರು. ಅಲ್ಲಿಯೂ ರಾಳ, ಇಲ್ಲಿಯೂ ರಾಳ! ನಮ್ಮಲ್ಲಿ ಬೆಂಕಿಗೆ, ಅಲ್ಲಿ ಕೂಗಿಗೆ.

ಅವನು ಬಿದ್ದ ಮೇಲೆ ಏನು ಉಳಿಯಿತೆಂಬ ಮೂರನೆಯ ಪ್ರಶ್ನೆಯಲ್ಲಿ ಗಾಡ್ಜಿಲ್ಲಾ ಎಲ್ಲರನ್ನೂ ಮೀರಿಸುತ್ತಾನೆ. ಅವನನ್ನು ಕೊಲ್ಲಬಲ್ಲ ಹೊಸ ಅಸ್ತ್ರವನ್ನು ಕಂಡುಹಿಡಿದ ವಿಜ್ಞಾನಿ, ಅದು ಇನ್ನೊಬ್ಬರ ಕೈಗೆ ಸಿಗಬಾರದೆಂದು ತನ್ನ ಕಾಗದಪತ್ರಗಳನ್ನು ಸುಟ್ಟು, ದೈತ್ಯನೊಡನೆಯೇ ಸಮುದ್ರದ ತಳದಲ್ಲಿ ಪ್ರಾಣ ಬಿಡುತ್ತಾನೆ. ೧೯೫೬ರಲ್ಲಿ ಅಮೆರಿಕದವರು ಈ ಚಿತ್ರವನ್ನು ಕತ್ತರಿಸಿ, ತಮ್ಮ ನಟನೊಬ್ಬನನ್ನು ನಡುವೆ ಸೇರಿಸಿ ತೋರಿಸಿದರು. ಬಾಂಬಿನ ಮಾತುಗಳು ಬಹುಮಟ್ಟಿಗೆ ಉದುರಿಹೋದವು. ದೈತ್ಯನು ಉಳಿದ, ಅವನು ಹೇಳಬಂದ ಮಾತು ಸೊರಗಿತು.

ಹಿಂದಿಯಲ್ಲಿ ೧೯೬೬ರಲ್ಲಿ ‘ಗೊಗೋಲಾ’ ಎಂಬ ಚಿತ್ರ ಇದೇ ಜಾಡಿನಲ್ಲಿ ಬಂದಿತ್ತು. ಅದು ನನಗೆ ನೋಡಲು ಸಿಕ್ಕಿಲ್ಲ; ನೋಡದ ದೈತ್ಯನಿಗೆ ಅಂಕ ಕೊಡುವಂತಿಲ್ಲ.

ಈಗಿನ ದೈತ್ಯರು ಗಣಕಯಂತ್ರದಲ್ಲಿ ಹುಟ್ಟುತ್ತಾರೆ. “ವೇಷ ಯಾರದ್ದು?” ಎಂದು ಕೇಳಿದರೆ ಹೇಳಲು ಹೆಸರಿಲ್ಲ. ಆದರೆ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಯುದ್ಧದಲ್ಲಿ ಸೋತ ಜಪಾನಿನ ಕಥೆ ಹೇಳುವ, ೨೦೨೩ರ ‘ಗಾಡ್ಜಿಲ್ಲಾ ಮೈನಸ್ ಒನ್’ ಚಿತ್ರಕ್ಕೆ ೩೫ ಮಂದಿಯ ಪುಟ್ಟ ತಂಡ ಚಮತ್ಕಾರಗಳನ್ನು ಮಾಡಿಕೊಟ್ಟಿತು. ಮರುವರ್ಷ ಅದಕ್ಕೆ ಆಸ್ಕರ್ ಬಂದಿತು. ಅಲ್ಲಿ ವೇಷದೊಳಗೆ ಮನುಷ್ಯನಿಲ್ಲದಿದ್ದರೂ ಕಥೆಯೊಳಗೆ ಮನುಷ್ಯನ ತಪ್ಪು ಮತ್ತು ದುಃಖ ಇವೆ. ಅಷ್ಟಿದ್ದರೆ ದೈತ್ಯನು ಬದುಕುತ್ತಾನೆ.

ನನ್ನ ಚಿಂತೆ ನಮ್ಮ ಗದ್ದೆಯ ದೈತ್ಯನದು. ಕಾಲಮಿತಿಯ ಪ್ರದರ್ಶನಗಳು ಹೆಚ್ಚಿವೆ. ಮರುದಿನ ಕೆಲಸಕ್ಕೆ ಹೋಗಬೇಕಾದವರಿಗೆ ಅದರಿಂದ ಅನುಕೂಲವೂ ಆಗಿದೆ. ಆದರೆ ಗಡಿಯಾರ ನೋಡಿ ಆಡುವ ಆಟದಲ್ಲಿ ಮೊದಲು ಕತ್ತರಿ ಬೀಳುವುದು ಅವಸರವಿಲ್ಲದ ಪ್ರವೇಶಕ್ಕೆ. ವಿದ್ಯುದ್ದೀಪದ ಹಗಲಿನಲ್ಲಿ ರಾಳದ ಬೆಂಕಿಗೆ ಕೆಲಸ ಕಡಮೆ. ಕತ್ತಲೆ ಮತ್ತು ನಿಧಾನ ಎರಡನ್ನೂ ಕಸಿದುಕೊಂಡರೆ ಬಣ್ಣದ ವೇಷ ಮತ್ತೆ ಆರಡಿಗೆ ಇಳಿಯುತ್ತದೆ. ಟೋಕಿಯೋದ ಚಿತ್ರಶಾಲೆ ನೂರು ಕಿಲೋ ರಬ್ಬರು ಮತ್ತು ವೇಗದ ಕ್ಯಾಮೆರಾದಿಂದ ಸಾಧಿಸಿದ್ದನ್ನು ನಮ್ಮವರು ಅಕ್ಕಿಹಿಟ್ಟು, ಸುಣ್ಣ, ಚೆಂಡೆ ಮತ್ತು ತಾಳ್ಮೆಯಿಂದ ಸಾಧಿಸಿದ್ದಾರೆ. ಮಹಿಷಾಸುರ ಬರುವ ಹೊತ್ತಿಗಾದರೂ ದೀಪಗಳನ್ನು ಆರಿಸಿ, ಅವನಿಗೆ ಬೇಕಾದಷ್ಟು ಹೊತ್ತು ಕೊಡುವುದು ಸಂಘಟಕರಿಗೆ ಕಷ್ಟವಾಗಲಾರದು.