ಹರಪನಹಳ್ಳಿ ಸೀಮೆಯಲ್ಲಿ ಮನಶ್ಶಾಸ್ತ್ರ: ಶಾಸ್ತ್ರಕಾರರ ಲಕ್ಷಣವೂ ಜನರ ಗ್ರಹಿಕೆಯೂ

ಮನಶ್ಶಾಸ್ತ್ರವೆಂದರೆ ಮನುಷ್ಯನ ವರ್ತನೆಯನ್ನೂ, ಅರಿವು, ನೆನಪು, ಭಾವ, ಸಂಕಲ್ಪ ಮೊದಲಾದ ಮಾನಸಿಕ ವ್ಯಾಪಾರಗಳನ್ನೂ ವೀಕ್ಷಣ ಪ್ರಯೋಗಗಳ ಮೂಲಕ ಪರಿಶೀಲಿಸುವ ಶಾಸ್ತ್ರವೆಂದು ಅದರ ಅಧ್ಯಾಪಕರು ಇಂದು ಲಕ್ಷಣ ಹೇಳುವರು. ಮಗುವು ಮಾತು ಕಲಿಯುವ ಕ್ರಮ, ಕಣ್ಣು ದೂರವನ್ನು ಅಳೆಯುವ ಬಗೆ, ಗುಂಪಿನಲ್ಲಿ ಸೇರಿದವನ ನಡತೆ ಬದಲಾಗುವ ರೀತಿ, ಇವೆಲ್ಲವೂ ಅದರ ವ್ಯಾಪ್ತಿಗೆ ಸೇರಿದುವು. ರೋಗಚಿಕಿತ್ಸೆಯು ಅದರ ಒಂದು ಶಾಖೆ ಮಾತ್ರ. ಜನಸಾಮಾನ್ಯರ ಗ್ರಹಿಕೆಯಾದರೋ ಬೇರೆ. ಅವರಿಗೆ ಮನಶ್ಶಾಸ್ತ್ರಜ್ಞನೆಂದರೆ ಹುಚ್ಚು ಬಿಡಿಸುವ ವೈದ್ಯ. ಇಲ್ಲವೇ ಎದುರಿಗಿರುವವರ ಮುಖ ನೋಡಿ ಒಳಗಿನದನ್ನು ಹೇಳಬಲ್ಲವನು. ಈ ಅಂತರವನ್ನು ಅಜ್ಞಾನವೆಂದು ತಳ್ಳಿಹಾಕುವುದು ವಿದ್ವಾಂಸರ ವಾಡಿಕೆ. ಆದರೆ ಆ ಶಾಸ್ತ್ರವು ಒಂದು ಸೀಮೆಯನ್ನು ಎಂದು, ಯಾವ ರೂಪದಲ್ಲಿ, ಯಾರ ಕೈಯಿಂದ ಮುಟ್ಟಿತೆಂಬುದನ್ನು ವಿಚಾರಿಸಿದರೆ, ಜನರ ಗ್ರಹಿಕೆಗೆ ತಕ್ಕ ಕಾರಣವಿರುವುದು ಗೋಚರವಾಗುವುದು. ತೆಲಿಗಿ ಮೊದಲಾದ ಊರುಗಳುಳ್ಳ ಹರಪನಹಳ್ಳಿ, ಅದರ ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಸೀಮೆ ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಇವೆಲ್ಲವೂ ಬಳ್ಳಾರಿ ಜಿಲ್ಲೆಗೆ ಸೇರಿದ್ದ 1985ರಲ್ಲಿ, ಮಾನಸಿಕ ಆರೋಗ್ಯದ ಸೇವೆಯನ್ನು ಒಂದು ಇಡೀ ಜಿಲ್ಲೆಯ ಹಳ್ಳಿಗಳಿಗೆ ಒಯ್ಯುವ ಹೆಸರಾದ ಪ್ರಯೋಗವು ನಡೆದುದು ಇಲ್ಲಿಯೇ.

ಮೊದಲು ಭಾಷೆಯನ್ನು ನೋಡುವುದು ಯುಕ್ತ. ಆಡುಮಾತಿನ ಕನ್ನಡದಲ್ಲಿ ಹುಚ್ಚಿನ ನೆಲೆ ತಲೆಯೇ ಹೊರತು ಮನಸ್ಸಲ್ಲ. ಬುದ್ಧಿ ಭ್ರಮಿಸಿದವನನ್ನು ಕುರಿತು "ತಲೆ ಕೆಟ್ಟಿದೆ" ಎನ್ನುವರು. "ಮನಸ್ಸು ಕೆಟ್ಟಿತು" ಎಂದರೆ ಬೇಸರವಾಯಿತೆಂದೇ ಅರ್ಥ. ಮನಸ್ಸಿಗೆ ಹಚ್ಚಿಕೊಳ್ಳುವುದು, ಮನಸ್ಸು ಮುರಿಯುವುದು, ಮನಸ್ಸು ಮಾಡುವುದು, ಮನಸ್ತಾಪ, ಇವೆಲ್ಲ ದುಃಖ, ಸ್ನೇಹ, ಸಂಕಲ್ಪಗಳ ಮಾತುಗಳು. ಇವುಗಳಲ್ಲಿ ರೋಗದ ಸುಳಿವೇ ಇಲ್ಲ. ಈ ಎರಡರಿಂದಲೂ ಬೇರೆಯಾಗಿ "ಗಾಳಿ ಸೋಂಕು" "ದೆವ್ವ ಬಡಿಯುವುದು" ಎಂಬ ಮೂರನೆಯ ವರ್ಗವೊಂದಿದೆ. ಇದನ್ನು ಗ್ರಾಮೀಣರ ಮೌಢ್ಯವೆಂದು ನಗುವವರು ಚರಕಸಂಹಿತೆಯನ್ನು ನೋಡಬೇಕು: ಅಲ್ಲಿಯೂ ಉನ್ಮಾದವನ್ನು ದೋಷಗಳಿಂದ ಹುಟ್ಟಿದುದೆಂದೂ ಹೊರಗಿನಿಂದ ಬಂದ ಆಗಂತುಕವೆಂದೂ ವಿಂಗಡಿಸಿದೆ, ಅಪಸ್ಮಾರಕ್ಕೆ ಬೇರೆಯ ಅಧ್ಯಾಯವೇ ಉಂಟು. ಇನ್ನು, ಮೈಮೇಲೆ ಬರುವುದೆಲ್ಲ ರೋಗವೆಂದು ಈ ಸೀಮೆಯ ಜನ ಎಂದೂ ಭಾವಿಸಿದವರಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕದ ಒಂದೆರಡು ಪದಗಳಿಗೆ ಮಳೆ, ಬೆಳೆ, ರಾಜಕೀಯಗಳ ಅರ್ಥವನ್ನು ಹಚ್ಚಿ ವರ್ಷವೆಲ್ಲ ಚರ್ಚಿಸುವ ಜನರಿಗೆ, ದೇವರ ಆವೇಶವೂ ಬುದ್ಧಿಭ್ರಮೆಯೂ ಒಂದೇ ಎಂದು ತೋರಿದ್ದಿಲ್ಲ. ಕಾಲ, ಸ್ಥಳ, ಸಂಪ್ರದಾಯಗಳನ್ನು ನೋಡದೆ ವರ್ತನೆಯೊಂದನ್ನು ರೋಗವೆನ್ನಲಾಗದೆಂಬುದು ಇಂದಿನ ವೈದ್ಯರೂ ಒಪ್ಪಿದ ಮಾತು. ಒಟ್ಟಿನಲ್ಲಿ, ಶಾಸ್ತ್ರವು ಬರುವುದಕ್ಕೆ ಮೊದಲೇ ಜನರಲ್ಲಿ ತಮ್ಮದೇ ಆದ ವಿಂಗಡಣೆಯಿದ್ದಿತು.

ಶಾಸ್ತ್ರಕಾರರ ಲಕ್ಷಣವಾದರೂ ಸ್ಥಿರವಾಗಿದ್ದಿತೆಂದು ಹೇಳುವಂತಿಲ್ಲ. 1879ರಲ್ಲಿ ಲೈಪ್‌ಜಿಗ್ ನಗರದಲ್ಲಿ ಪ್ರಯೋಗಶಾಲೆಯನ್ನು ಸ್ಥಾಪಿಸಿದ ವುಂಟನಿಗೆ ಅದು ಪ್ರಜ್ಞೆಯ ಅನುಭವಗಳನ್ನು ಬಿಡಿಸಿ ನೋಡುವ ವಿದ್ಯೆ. 1890ರಲ್ಲಿ ಮಹಾಗ್ರಂಥವನ್ನು ಹೊರತಂದ ವಿಲಿಯಂ ಜೇಮ್ಸನಿಗೆ ಮಾನಸಿಕ ಜೀವನದ ಶಾಸ್ತ್ರ. 1913ರಲ್ಲಿ ವಾಟ್ಸನನು ಮನಸ್ಸೆಂಬ ಮಾತನ್ನೇ ಹೊರದೂಡಿ ವರ್ತನೆಯೊಂದೇ ಸಾಕೆಂದನು. ಹೆಸರಿನಲ್ಲಿ ಆತ್ಮವನ್ನು ಹೊತ್ತು ಹೊರಟ ಶಾಸ್ತ್ರವು ಅರ್ಧ ಶತಮಾನವೂ ಕಳೆಯುವ ಮುನ್ನ ಮನಸ್ಸನ್ನೂ ಕೈಬಿಟ್ಟಿತು. ಅದನ್ನು ಮತ್ತೆ ಒಳಗೆ ಕರೆದುಕೊಂಡುದು ಬಹಳ ತಡವಾಗಿ. ಜನರು ಒಂದೇ ಅರ್ಥವನ್ನು ಹಿಡಿದುಕೊಂಡಿರಲಿಲ್ಲವೆಂದು ದೂರುವವರು ಇದನ್ನು ಮರೆಯಬಾರದು.

ಕನ್ನಡ ನಾಡಿಗೆ ಈ ಪ್ರಯೋಗಾತ್ಮಕ ಶಾಸ್ತ್ರವು ಬಂದುದು ಮೈಸೂರಿಗೆ. ಕಲ್ಕತ್ತೆಯಲ್ಲಿ ಇಂತಹ ವಿಭಾಗವು 1916ರಲ್ಲಿ ಏರ್ಪಟ್ಟಿದ್ದಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಪ್ರಾರಂಭವಾಯಿತು. ಅದರ ಮುಖ್ಯಸ್ಥರಾದ ಎಂ. ವಿ. ಗೋಪಾಲಸ್ವಾಮಿಗಳು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಶಿಕ್ಷಣ ಪಡೆದವರು. ಬುದ್ಧಿಮಾಪನದಲ್ಲಿ ಅವರಿಗೆ ವಿಶೇಷ ಆಸಕ್ತಿ. ಆದರೆ ನಾಡಿಗೆ ಅವರ ಹೆಸರು ಪರಿಚಿತವಾಗಿರುವುದು 1935ರಲ್ಲಿ ತಮ್ಮ ಮನೆಯಿಂದಲೇ ನಡೆಸಲಾರಂಭಿಸಿದ ಬಾನುಲಿ ಕೇಂದ್ರದಿಂದ, "ಆಕಾಶವಾಣಿ" ಎಂಬ ಅದರ ನಾಮಧೇಯದಿಂದ. ಕನ್ನಡ ನಾಡಿನ ಮೊದಲ ಮನಶ್ಶಾಸ್ತ್ರ ಪ್ರಾಧ್ಯಾಪಕರನ್ನು ಜನರು ನೆನೆಯುವುದು ಅವರ ಶಾಸ್ತ್ರಕ್ಕಾಗಿ ಅಲ್ಲವೆಂಬುದು ಗಮನಾರ್ಹ. ಅದೂ ಅಲ್ಲದೆ ಹರಪನಹಳ್ಳಿಯು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಸೀಮೆ. ಅದು ಮೈಸೂರಿಗೆ ಸೇರಿದುದು 1953ರ ಅಕ್ಟೋಬರ್ 1ರಂದು. ಮೈಸೂರಿನ ಪ್ರಯೋಗಶಾಲೆಯು ಅದಕ್ಕೆ ಪರರಾಜ್ಯದ ವಸ್ತುವಾಗಿದ್ದಿತು. ಕಲಿಕೆ, ನೆನಪು, ಬುದ್ಧಿಶಕ್ತಿಗಳನ್ನು ಅಳೆಯುವ ಮನಶ್ಶಾಸ್ತ್ರವು ಈ ಹಳ್ಳಿಗಳಿಗೆ ಆ ದಾರಿಯಿಂದ ಬರಲೇ ಇಲ್ಲ.

ಬಂದುದು ಮತ್ತೊಂದು ದಾರಿಯಿಂದ. ಅದರ ಮೂಲವು ಬೆಂಗಳೂರಿನ ಪೇಟೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಏರ್ಪಟ್ಟ ಹುಚ್ಚರ ಆಸ್ಪತ್ರೆಯಲ್ಲಿದೆ. 1925ರಲ್ಲಿ ಮೈಸೂರು ಸರ್ಕಾರದವರು ಅದರ ಹಳೆಯ ಹೆಸರನ್ನು ತೆಗೆದು "ಮೆಂಟಲ್ ಹಾಸ್ಪಿಟಲ್" ಎಂದು ಕರೆದರು. ರೋಗಿಗಳ ಅವಮಾನವನ್ನು ಕಳೆಯುವುದು ಇಂತಹ ನಾಮಾಂತರದ ಉದ್ದೇಶ, ನಡೆದುದಾದರೋ ವಿಪರೀತ. ಹೆಸರು ಸ್ಥಳವನ್ನು ಮೇಲೆತ್ತಲಿಲ್ಲ, ಸ್ಥಳವೇ ಹೆಸರನ್ನು ಕೆಳಗೆಳೆಯಿತು. "ಮೆಂಟಲ್" ಎಂಬುದು ಕನ್ನಡದಲ್ಲಿ ಬೈಗುಳವಾಯಿತು. "ಮಾನಸಿಕ" ಎಂಬ ಸಂಸ್ಕೃತ ಶಬ್ದಕ್ಕೂ ಅದೇ ಛಾಯೆ ಹತ್ತಿತು. ಹೀಗೆ ತಲೆಗೆ ಸಂಬಂಧಿಸಿದ್ದ ಹುಚ್ಚು ಸರ್ಕಾರದ ಫಲಕದ ಮೂಲಕ ಮನಸ್ಸಿಗೆ ಬಂದು ಸೇರಿತು. ಮನಸ್ಸಿನ ಶಾಸ್ತ್ರವೆಂದರೆ ಹುಚ್ಚಿನ ಶಾಸ್ತ್ರವೆಂದು ಜನ ತಿಳಿದುದು ತಮ್ಮ ಭಾಷೆಯಿಂದಲ್ಲ, ಫಲಕವನ್ನು ಓದಿ.

1954ರಲ್ಲಿ ಆ ಆಸ್ಪತ್ರೆಯ ಆಶ್ರಯದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಗಳು ಅದರ ಮೊದಲ ನಿರ್ದೇಶಕರು. ಮರುವರ್ಷ ಅಲ್ಲಿ ವೈದ್ಯರಿಗೆ ಮನೋವೈದ್ಯದ ಡಿಪ್ಲೊಮಾವನ್ನೂ, ಮನಶ್ಶಾಸ್ತ್ರದ ಪದವೀಧರರಿಗೆ ಬೇರೆಯೊಂದು ಡಿಪ್ಲೊಮಾವನ್ನೂ ಆರಂಭಿಸಿದರು. ಔಷಧ ಬರೆಯುವ ಮನೋವೈದ್ಯ, ಔಷಧ ಬರೆಯದೆ ಪರೀಕ್ಷೆಗಳಿಂದಲೂ ಮಾತಿನಿಂದಲೂ ಚಿಕಿತ್ಸೆ ಮಾಡುವ ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಇವರೀರ್ವರ ಭೇದವು ಇಲ್ಲಿ ಸ್ಪಷ್ಟವಾಯಿತು. ಒಂದೇ ಬಾಗಿಲಿನಿಂದ ಒಳಹೊಕ್ಕು ಅದೇ ಬಾಗಿಲಿನಿಂದ ಹೊರಬರುತ್ತಿದ್ದ ರೋಗಿಯ ಬಂಧುಗಳಿಗೆ ಆ ಭೇದವು ಕಾಣಬೇಕಾದ ಕಾರಣವಿರಲಿಲ್ಲ. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರನ್ನು ತಾಳಿದುವು.

ಅನಂತರದ ವರ್ಷಗಳಲ್ಲಿ ನಿಮ್ಹಾನ್ಸಿನವರು ಬೆಂಗಳೂರಿಗೆ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ತೆರೆದು, ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೂ ಕಾರ್ಯಕರ್ತರೂ ಮನೋರೋಗಗಳನ್ನು ಗುರುತಿಸಿ ಉಪಚರಿಸಬಲ್ಲರೇ ಎಂಬುದನ್ನು ಪರೀಕ್ಷಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಅಂಗೀಕೃತವಾಯಿತು. ಅದನ್ನು ಜಿಲ್ಲೆಯ ಮಟ್ಟದಲ್ಲಿ ನಡೆಸಿ ನೋಡಲು ಆರಿಸಿಕೊಂಡುದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ನಡೆದ ಈ ಪ್ರಯೋಗದ ರಚನೆ ಸರಳವಾದುದು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ಶಿಕ್ಷಣ. ಕೆಲವೇ ಅವಶ್ಯ ಔಷಧಗಳು ಹಳ್ಳಿಯ ಕೇಂದ್ರದಲ್ಲಿಯೇ ದೊರೆಯುವಂತೆ ಏರ್ಪಾಡು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯನೂ ಮನಶ್ಶಾಸ್ತ್ರಜ್ಞನೂ ಇರುವ ಒಂದು ಸಣ್ಣ ತಂಡ. ಪ್ರತಿ ತಿಂಗಳೂ ವರದಿ.

ಇದರಲ್ಲಿ ಜಾಣತನದ ಅಂಶವೊಂದಿದ್ದಿತು. ಕಾರ್ಯಕರ್ತನಿಗೆ ಕಲಿಸಿದುದು ರೋಗಗಳ ಶಾಸ್ತ್ರೀಯ ಹೆಸರುಗಳನ್ನಲ್ಲ, ಊರಿನವರು ತಾವೇ ಕಂಡು ಹೇಳಬಹುದಾದ ಲಕ್ಷಣಗಳನ್ನು. ಸಂಬಂಧವಿಲ್ಲದ ಮಾತಾಡುವವರು, ಯಾರಿಗೂ ಕೇಳಿಸದ ದನಿ ತಮಗೆ ಕೇಳಿಸುವುದೆನ್ನುವವರು, ಎಲ್ಲರನ್ನೂ ಸಂದೇಹಿಸುವವರು, ಮಂಕಾಗಿ ಮೂಲೆ ಹಿಡಿದವರು, ಮೂರ್ಛೆ ಬೀಳುವವರು, ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದ ಮಕ್ಕಳು, ಇಂತಹವರು ಉಂಟೇ ಎಂದು ಕೇಳುವುದು. ಎಂದರೆ, ಶಾಸ್ತ್ರವು ಜನರ ಕಣ್ಣನ್ನು ನಂಬಿ ಕೆಲಸ ಪ್ರಾರಂಭಿಸಿತು. ದೂರದ ಮದರಾಸಿನ ಕಿಲ್ಪಾಕಿಗೋ ಧಾರವಾಡಕ್ಕೋ ಬೆಂಗಳೂರಿಗೋ ರೋಗಿಯನ್ನು ಹೊತ್ತೊಯ್ಯುವ ಶಕ್ತಿಯಿಲ್ಲದೆ ಮನೆಯ ಕಂಬಕ್ಕೆ ಕಟ್ಟಿಹಾಕುವ ದುಃಸ್ಥಿತಿಗೆ ಇದು ನೇರವಾದ ಉತ್ತರ.

ಈ ಪ್ರಯೋಗದ ಮುಖ್ಯ ಗುರಿಗಳಲ್ಲಿ ಒಂದು ಅಪಸ್ಮಾರ. ಹಳ್ಳಿಯಲ್ಲಿ ಅದು "ಮೂರ್ಛೆ", ಈಚೆಗೆ "ಫಿಟ್ಸು". ಒಲೆಯ ಮುಂದೆಯೋ ಬಾವಿಯ ದಡದಲ್ಲಿಯೋ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಹೆಣ್ಣಾದರೆ ಮದುವೆಗೂ ಅಡ್ಡಿ. ಬಹು ಅಗ್ಗದ ಫಿನೋಬಾರ್ಬಿಟೋನ್ ಮಾತ್ರೆಯನ್ನು ನಿಯಮವಾಗಿ ನುಂಗಿದರೆ ಅನೇಕರಲ್ಲಿ ಮೂರ್ಛೆ ನಿಲ್ಲುವುದು. ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಜನರಿಗೆ ಬೇರೆ ಬೇಕಿಲ್ಲ. ಆದರೆ ಅಪಸ್ಮಾರವು ಮಿದುಳಿನ ರೋಗ. ಶಾಸ್ತ್ರಕಾರರ ವಿಂಗಡಣೆಯಲ್ಲಿ ಅದು ನರವೈದ್ಯಕ್ಕೆ ಸೇರಿದುದು, ಮನಶ್ಶಾಸ್ತ್ರಕ್ಕಲ್ಲ. ಮನಸ್ಸಿನ ವಿದ್ಯೆಯು ಹಳ್ಳಿಯಲ್ಲಿ ಯಾವ ಗುಣದಿಂದ ನಂಬಿಕೆ ಗಳಿಸಬಹುದಾಗಿತ್ತೋ ಆ ಗುಣವು ಮನಸ್ಸಿನ ರೋಗದ್ದೇ ಅಲ್ಲ. ಬುದ್ಧಿಮಾಂದ್ಯದ ವಿಷಯದಲ್ಲಿಯೂ ಹೀಗೆಯೇ: ಅಂದು ಅದು ಕಾರ್ಯಕ್ರಮದೊಳಗಿದ್ದಿತು, 2017ರ ಮಾನಸಿಕ ಆರೋಗ್ಯ ಕಾಯಿದೆಯು ಅದನ್ನು ಮನೋರೋಗದ ಲಕ್ಷಣದಿಂದ ಹೊರಗಿರಿಸಿದೆ. ಎಲ್ಲೆಗಳು ಕದಲುತ್ತಿರುವಾಗ, ಜನರು ಅವೆಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆಂದು ಆಕ್ಷೇಪಿಸುವುದು ಕಷ್ಟ.

ಇನ್ನು ಜನರು ಯಾವುದನ್ನು ಮನಸ್ಸೆಂದು ಕರೆಯುತ್ತಿದ್ದರೋ ಅದರ ಗತಿಯೇನಾಯಿತು? ಬೆಳೆ ಹೋದ ಚಿಂತೆ, ಸಾಲದ ಭಯ, ಸೊಸೆಯ ನುಂಗಿಕೊಂಡ ಅಳಲು, ಇವು ಆರೋಗ್ಯ ಕೇಂದ್ರಕ್ಕೆ ಬಾರದೆ ಇದ್ದುವೆಂದಲ್ಲ. ಬಂದರೂ ತಲೆನೋವು, ಎದೆಬಡಿತ, ಮೈಕೈ ಸೆಳೆತ, ನಿದ್ದೆಗೇಡುಗಳ ವೇಷದಲ್ಲಿ ಬಂದುವು. ಅವುಗಳಿಗೆ ಬೇಕಾದುದು ಕುಳಿತು ಕೇಳುವವನು, ಎಂದರೆ ಶಾಸ್ತ್ರದ ಲಕ್ಷಣಕ್ಕೆ ಸರಿಯಾದ ಮನಶ್ಶಾಸ್ತ್ರಜ್ಞ. ಅಂತಹವನಿದ್ದುದು ಜಿಲ್ಲಾ ಕೇಂದ್ರದಲ್ಲಿ. ಹಳ್ಳಿಗೆ ಮುಟ್ಟಿದುದು ಮಾತ್ರೆ. ಬಳ್ಳಾರಿಯ ಮಾದರಿಯನ್ನು 1996ರಿಂದ ಇತರ ರಾಜ್ಯಗಳ ಜಿಲ್ಲೆಗಳಿಗೆ ವಿಸ್ತರಿಸಿದ ಮೇಲೆ ಈ ಕೊರತೆಯು ಹೆಚ್ಚಾಗಿ ಎದ್ದು ಕಂಡಿತು. ಉತ್ತರಪ್ರದೇಶದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದ ಸುಮೀತ್ ಜೈನ್, ಸುಶ್ರುತ್ ಜಾಧವ್ ಎಂಬವರು, ಸಮುದಾಯದ ಸಹಭಾಗವೆಂಬ ಉದ್ದೇಶವು ಮಾತ್ರೆ ಹಂಚುವ ಕೆಲಸದಲ್ಲಿ ಕರಗಿಹೋಯಿತೆಂದು 2009ರಲ್ಲಿ ಬರೆದರು. ಈ ಟೀಕೆಯಲ್ಲಿ ಹುರುಳಿದೆ; ಆದರೆ ಬಳ್ಳಾರಿಯ ಹಳ್ಳಿಗಳಿಗೆ ಅಂದು ಮಾತ್ರೆಯೂ ಇರಲಿಲ್ಲವೆಂಬುದನ್ನು ಟೀಕಾಕಾರರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜನರು ಹಳೆಯದನ್ನು ಬಿಟ್ಟು ಹೊಸದಕ್ಕೆ ಬರಬೇಕೆಂಬ ಅಪೇಕ್ಷೆಯೂ ಅನವಶ್ಯಕವಾಗಿತ್ತು. ಕರಾವಳಿಯ ಕೋಟದಲ್ಲಿ ಕಾರ್ಸ್ಟೇರ್ಸ್, ಕಪೂರ್ ಎಂಬ ವಿದ್ವಾಂಸರು ನಡೆಸಿ 1976ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯ, ಮಂತ್ರವಾದಿ, ಪಾತ್ರಿಗಳ ಬಳಿಗೂ ಡಾಕ್ಟರ ಬಳಿಗೂ ಒಂದೇ ಕುಟುಂಬದವರು ಸಂಕೋಚವಿಲ್ಲದೆ ಹೋಗುತ್ತಿದ್ದುದು ವ್ಯಕ್ತವಾಗಿದೆ.

ಅಕ್ಷರಸ್ಥರ ಗ್ರಹಿಕೆಯನ್ನು ತಿದ್ದಿದುದು ಕನ್ನಡದ ಪುಸ್ತಕಗಳು. "ಕೊರವಂಜಿ"ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರ "ಮನಮಂಥನ"ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ನಿಮ್ಹಾನ್ಸಿನ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಹೊತ್ತಗೆಗಳು ತಾಲ್ಲೂಕಿನ ಪುಸ್ತಕದಂಗಡಿಗಳಿಗೂ ತಲಪಿದುವು. ಆದರೆ ಇವರಿಬ್ಬರೂ ವೈದ್ಯರು. ಕನ್ನಡಿಗರಿಗೆ ಮನಸ್ಸಿನ ವಿಷಯವನ್ನು ತಿಳಿಯಹೇಳಿದವರಲ್ಲಿ ಹೆಚ್ಚು ಹೆಸರಾದವರು ವೈದ್ಯರೇ ಆಗಿ, ಪ್ರಯೋಗಶಾಲೆಯ ಮನಶ್ಶಾಸ್ತ್ರವು ಪಠ್ಯಪುಸ್ತಕದಲ್ಲಿಯೇ ಉಳಿಯಿತು.

ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಸಂಕಟವನ್ನು ಹೇಳಿಕೊಳ್ಳುವ ಅನುಕೂಲವಾಗಿದೆ. ಅಲ್ಲಿ ದೊರೆಯುವುದನ್ನು ಕನ್ನಡದಲ್ಲಿ "ಆಪ್ತಸಮಾಲೋಚನೆ" ಎನ್ನುವರು. ಈ ಶಬ್ದದಲ್ಲಿ ತಲೆಯೂ ಇಲ್ಲ, ಮನಸ್ಸೂ ಇಲ್ಲ. ಹತ್ತಿರದವನೊಡನೆ ಕುಳಿತು ಆಲೋಚಿಸುವುದೆಂದಷ್ಟೇ ಅರ್ಥ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಹೆಸರಿನ ಹುದ್ದೆಯನ್ನು ಪರಿಚಯ ಮಾಡಿಸಿದುದು ಮನಶ್ಶಾಸ್ತ್ರದ ವಿಭಾಗಗಳಲ್ಲ, ಎಚ್.ಐ.ವಿ. ಪರೀಕ್ಷೆಯ ಕೇಂದ್ರಗಳು.