ಪ್ರತಿ ಗ್ರಂಥಕ್ಕೂ ಒಬ್ಬ ವಾಚಕ

ಗ್ರಂಥಭಂಡಾರವೆಂಬುದು ಪುಸ್ತಕಗಳನ್ನು ಬೀಗಮುದ್ರೆಯಲ್ಲಿ ಕಾಪಾಡುವ ಸ್ಥಳವೆಂಬ ಭಾವನೆಯು ನಮ್ಮ ದೇಶದಲ್ಲಿ ಬಹುಕಾಲ ಪ್ರಬಲವಾಗಿದ್ದಿತು. ಅದನ್ನು ಅಲುಗಿಸಿದವರಲ್ಲಿ ಎಸ್. ಆರ್. ರಂಗನಾಥನ್ ಅವರು ಅಗ್ರಗಣ್ಯರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಇಂಗ್ಲೆಂಡಿನ ಗ್ರಂಥಾಲಯಗಳ ಕ್ರಮವನ್ನು ಕಣ್ಣಾರೆ ಕಂಡು ಬಂದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು.

ಆ ಸೂತ್ರಗಳಲ್ಲಿ ಮೂರನೆಯದು, ಪ್ರತಿಯೊಂದು ಗ್ರಂಥಕ್ಕೂ ಅದರ ವಾಚಕನು ದೊರೆಯಬೇಕೆಂಬುದು. ಕಥೆ ಕಾದಂಬರಿಗಳು ತಮ್ಮ ವಾಚಕರನ್ನು ತಾವೇ ಸಂಪಾದಿಸಿಕೊಳ್ಳುವುವು. ಚರಿತ್ರೆ, ಖಗೋಳ, ಕೃಷಿ, ಆರೋಗ್ಯ, ಅರ್ಥಶಾಸ್ತ್ರಗಳ ನೂತನ ಗ್ರಂಥಗಳಿಗೆ ಆ ಭಾಗ್ಯವು ವಿರಳ. ಸಾರ್ವಜನಿಕ ಧನದಿಂದ ಕೊಂಡ ಪುಸ್ತಕವು ಯಾರ ಕೈಯನ್ನೂ ಸೇರದೆ ಧೂಳು ತಿಂದರೆ ಆ ಧನವೂ ಗ್ರಂಥಕರ್ತನ ಶ್ರಮವೂ ಏಕಕಾಲದಲ್ಲಿ ವ್ಯರ್ಥವಾದಂತೆಯೇ ಸರಿ. ಆದುದರಿಂದಲೇ ಅವರು ಕಪಾಟುಗಳನ್ನು ವಾಚಕರಿಗೆ ತೆರೆದಿಡಬೇಕೆಂದೂ, ಪುಸ್ತಕಗಳನ್ನು ವಿಷಯಾನುಸಾರವಾಗಿ ಜೋಡಿಸಬೇಕೆಂದೂ, ವಾಚಕನ ಅಭಿರುಚಿಯನ್ನರಿತು ತಕ್ಕ ಗ್ರಂಥವನ್ನು ಸೂಚಿಸಬಲ್ಲ ಸಿಬ್ಬಂದಿಯಿರಬೇಕೆಂದೂ ಪ್ರತಿಪಾದಿಸಿದರು.

ಅವರ ಜೀವನದ ಉತ್ತರಭಾಗವು ಬೆಂಗಳೂರಿನಲ್ಲಿ ಕಳೆಯಿತು. 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ದಿವಂಗತರಾದರು. 1965ರಲ್ಲಿ ನಮ್ಮ ನಾಡಿಗೆ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೂ ಬಂದಿತು. ಕಾಯಿದೆಯು ಕಟ್ಟಡವನ್ನೂ ಪುಸ್ತಕವನ್ನೂ ಒದಗಿಸಬಲ್ಲುದು. ಪುಸ್ತಕವನ್ನು ಕಪಾಟಿನಿಂದ ತೆಗೆದು ವಾಚಕನ ಕೈಯಲ್ಲಿಡುವುದು ಬಲ್ಲವರ ಒಂದು ಆದರದ ಮಾತು ಮಾತ್ರವೇ.