ಕೆಟ್ಟ ಸದ್ದಿಗೆ ಬೆಲೆ ಬಂದದ್ದು ಹೇಗೆ?

ಮದುವೆ ಚಪ್ಪರದಲ್ಲಿ ಮೈಕ್ ಸೆಟ್ಟಿನವನು ಆಂಪ್ಲಿಫೈಯರಿನ ಗುಂಡಿಯನ್ನು ಅಳತೆ ಮೀರಿ ತಿರುಗಿಸಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಸ್ವರ ಹರಿದು ಗೊರಗೊರ ಎನ್ನುತ್ತದೆ. ಹಿರಿಯರೊಬ್ಬರು ಎದ್ದು ಹೋಗಿ ಬೈಯುತ್ತಾರೆ, ಅವನು ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತಾನೆ. ಅಲ್ಲಿಗೆ ಮುಗಿಯಿತು. ಆ ಹರಿದ ಸ್ವರವನ್ನೇ ಒಂದು ಪುಟ್ಟ ಪೆಟ್ಟಿಗೆಯಲ್ಲಿ ತುಂಬಿ, ಬೆಲೆ ಕಟ್ಟಿ ಮಾರಬಹುದೆಂದು ಯಾರಿಗಾದರೂ ಹೊಳೆದೀತೇ? 1960ರ ದಶಕದ ಆರಂಭದಲ್ಲಿ ಅಮೆರಿಕದ ಕೆಲವರಿಗೆ ಹೊಳೆಯಿತು. ಆ ವ್ಯಾಪಾರದ ಬೀಜ ಬಿದ್ದದ್ದು ಒಂದು ಬೇಸ್ ಗಿಟಾರಿನ ಧ್ವನಿಮುದ್ರಣದಲ್ಲಿ.

ಬೇಸ್ ಗಿಟಾರ್ ಎಂದರೆ ದಪ್ಪ ತಂತಿಗಳ, ತಗ್ಗು ಸ್ವರದ ಗಿಟಾರ್. ಲಿಯೊ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಅನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಎಲ್ಲೆಡೆ ಹರಡಿತು. ಹಾಡು ಕೇಳುವವರು ಗಾಯಕನ ದನಿಯನ್ನು, ಪಿಟೀಲನ್ನು, ಕೊಳಲನ್ನು ಗಮನಿಸುತ್ತಾರೆ. ಬೇಸನ್ನು ಗಮನಿಸುವವರು ಕಡಿಮೆ. ಆದರೆ ಅದನ್ನು ತೆಗೆದುಬಿಟ್ಟರೆ ಹಾಡು ನೆಲ ಬಿಟ್ಟಂತೆ ಅನಿಸುತ್ತದೆ. 1981ರ 'ಗೀತಾ' ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿದವರಿಗೆ ಈ ಮಾತು ಅರ್ಥವಾದೀತು. ಅಂದ ಹಾಗೆ, ಸಂಗೀತ ಮತ್ತು ವಾದ್ಯಗಳ ಬಗ್ಗೆ ನಮ್ಮ ಉಲಮಾಗಳ ನಡುವೆ ಇರುವ ಭಿನ್ನಾಭಿಪ್ರಾಯ ಬಹಳ ಹಳೆಯದು. ಅದನ್ನು ಇತ್ಯರ್ಥ ಮಾಡುವುದು ಈ ಲೇಖನದ ಕೆಲಸವಲ್ಲ. ಇಲ್ಲಿ ನೋಡಹೊರಟಿರುವುದು ಮಾರುಕಟ್ಟೆಯನ್ನು. ಒಂದು ದೋಷ ಸರಕಾಗುವುದು ಹೇಗೆ, ಆ ಸರಕನ್ನು ಜನ ಹೇಗೆ ಕೊಂಡು ಮಾರಿದರು ಎಂಬುದನ್ನು.

ಘಟನೆ ನಡೆದದ್ದು 1960ರಲ್ಲಿ, ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ. ಮಾರ್ಟಿ ರಾಬಿನ್ಸ್ ಎಂಬ ಜನಪ್ರಿಯ ಗಾಯಕ 'ಡೋಂಟ್ ವರಿ' ಎಂಬ ಹಾಡನ್ನು ಮುದ್ರಿಸುತ್ತಿದ್ದರು. ಗ್ರೇಡಿ ಮಾರ್ಟಿನ್ ಎಂಬ ಕಲಾವಿದ ಆರು ತಂತಿಯ ಬೇಸ್ ನುಡಿಸುತ್ತಿದ್ದರು. ಅವರ ವಾದ್ಯದ ಸದ್ದು ಹಾದುಹೋಗುತ್ತಿದ್ದ ಉಪಕರಣದ ಒಂದು ಭಾಗದಲ್ಲಿ ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ನಯವಾಗಿ ಬರಬೇಕಾದ ಬೇಸ್ ನಡುವೆ ಇದ್ದಕ್ಕಿದ್ದಂತೆ ಗರಗಸದಿಂದ ಮರ ಕೊಯ್ದಂತೆ ಕೇಳಿಸಿತು. ಇನ್ನೊಮ್ಮೆ ನುಡಿಸಿ ಸರಿಪಡಿಸಬಹುದಿತ್ತು. ಹಾಗೆ ಮಾಡದೆ ಅದನ್ನೇ ಉಳಿಸಿಕೊಂಡರು. 1961ರಲ್ಲಿ ಬಿಡುಗಡೆಯಾದ ಆ ಹಾಡು ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಹರಿದ ಸದ್ದು ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. 1951ರ 'ರಾಕೆಟ್ 88' ಹಾಡಿನಲ್ಲಿ ಜಖಂಗೊಂಡ ಆಂಪ್ಲಿಫೈಯರಿನ ಗಿಟಾರ್ ಇದೆ. ಆದರೆ ಒಡೆದ ಸ್ಪೀಕರನ್ನು ಅಂಗಡಿಯಲ್ಲಿ ಮಾರಲಾಗದು. ನ್ಯಾಶ್‌ವಿಲ್‌ನಲ್ಲಿ ಆ ಹಾಡನ್ನು ಮುದ್ರಿಸಿದ ಎಂಜಿನಿಯರ್ ಗ್ಲೆನ್ ಸ್ನಾಡಿ ಇಲ್ಲೇ ಭಿನ್ನರಾದದ್ದು. ಅವರು ಮುಂದೆ ಹೇಳಿಕೊಂಡ ಪ್ರಕಾರ, ಅದೇ ಸದ್ದು ತಮಗೂ ಬೇಕೆಂದು ಬೇರೆಯವರು ಕೇಳಿಕೊಂಡು ಬರುವ ಹೊತ್ತಿಗೆ ಆ ಕೆಟ್ಟ ಭಾಗ ಪೂರ್ತಿ ಸತ್ತುಹೋಗಿತ್ತು. ಹಾಗಾಗಿ ಅದು ಹೇಗೆ ಕೆಟ್ಟಿತ್ತು ಎಂಬುದನ್ನು ಅರಿತು, ಬೇಕೆಂದಾಗ ಕೆಡಿಸುವ ಒಂದು ಯಂತ್ರವನ್ನು ಅವರು ರೆವಿಸ್ ಹಾಬ್ಸ್ ಎಂಬ ಇನ್ನೊಬ್ಬ ಎಂಜಿನಿಯರ್ ಜೊತೆ ಸೇರಿ ತಯಾರಿಸಿದರು. ರಿಪೇರಿ ಮಾಡುವುದು ಕಸುಬಾಗಿದ್ದ ಮನುಷ್ಯ ಕೆಡಿಸುವ ವಿದ್ಯೆಯನ್ನು ಅಷ್ಟೇ ಶ್ರದ್ಧೆಯಿಂದ ಕಲಿತದ್ದು ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಭಾಗ.

ಗಿಬ್ಸನ್ ಕಂಪೆನಿ ಅದನ್ನು ಪಡೆದು 1962ರಲ್ಲಿ 'ಮೇಸ್ಟ್ರೊ ಫಝ್-ಟೋನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಕಾಲಿನಿಂದ ಒತ್ತುವ ಒಂದು ಸ್ವಿಚ್ಚು, ಎರಡು ಗುಂಡಿ, ಒಳಗೆ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, ಎರಡು ಬ್ಯಾಟರಿ. ಬೆಲೆ 40 ಡಾಲರ್. ಇಂದು ಪೆಡಲ್ ಎಂದು ಕರೆಯುವ ಪೆಟ್ಟಿಗೆಗಳಲ್ಲಿ ಫಝ್ ಸದ್ದಿಗಾಗಿ ಅಂಗಡಿಗೆ ಬಂದ ಮೊದಲನೆಯದು ಇದೇ. ಅದೇ ಕಾಲದಲ್ಲಿ ಗಿಬ್ಸನ್ ಈ ಯಂತ್ರವನ್ನು ಒಳಗೇ ಅಳವಡಿಸಿದ ಒಂದು ಬೇಸ್ ಗಿಟಾರನ್ನೂ ಮಾಡಿತು. ಜಾಹೀರಾತಿನಲ್ಲಿ ಮಾತ್ರ ಹರಿದ ಸದ್ದು ಎಂದು ಹೇಳಲಿಲ್ಲ. ಈ ಪೆಟ್ಟಿಗೆಯಿದ್ದರೆ ಗಿಟಾರ್ ಊದುವ ವಾದ್ಯಗಳಂತೆ, ಸೆಲ್ಲೊದಂತೆ ಕೇಳಿಸುತ್ತದೆ ಎಂದು ಹೇಳಿತು! ಅಂಗಡಿಯವರು ನಂಬಿ ಮೊದಲ ವರ್ಷ ಐದು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ತರಿಸಿಕೊಂಡರು. ಗಿರಾಕಿಗಳು ನಂಬಲಿಲ್ಲ. 1963ರಲ್ಲಿ ಗಿಬ್ಸನ್ ಕಳಿಸಿದ್ದು ಮೂರೇ ಮೂರು ಪೆಟ್ಟಿಗೆ ಎಂದು ದಾಖಲೆ ಹೇಳುತ್ತದೆ.

ನಂತರ 1965 ಬಂತು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಒಂದು ಹೊಸ ಹಾಡಿನಲ್ಲಿ ತುತ್ತೂರಿಯಂಥ ಊದುವ ವಾದ್ಯಗಳು ಬರಬೇಕೆಂದು ಯೋಚಿಸಿ, ಆ ಜಾಗವನ್ನು ತೋರಿಸಲು ತಾತ್ಕಾಲಿಕವಾಗಿ ಈ ಪೆಟ್ಟಿಗೆ ಬಳಸಿ ಗಿಟಾರ್ ನುಡಿಸಿದರು. ಅಂದರೆ ಗಿಬ್ಸನ್ ಜಾಹೀರಾತಿನಲ್ಲಿ ಹೇಳಿದ್ದನ್ನೇ ಮಾಡಿದರು. ಊದುವವರು ಬರಲೇ ಇಲ್ಲ, ಕರಡೇ ಬಿಡುಗಡೆಯಾಯಿತು. 'ಸ್ಯಾಟಿಸ್‌ಫ್ಯಾಕ್ಷನ್' ಜಗತ್ತಿನಾದ್ಯಂತ ಮೊಳಗಿತು. ವರ್ಷ ಮುಗಿಯುವುದರೊಳಗೆ ಧೂಳು ತಿನ್ನುತ್ತಿದ್ದ ಪೆಟ್ಟಿಗೆಗಳೆಲ್ಲ ಖಾಲಿ. ಪೆಟ್ಟಿಗೆ ಬದಲಾಗಿರಲಿಲ್ಲ, ಬೆಲೆಯೂ ಇಳಿದಿರಲಿಲ್ಲ. ಕೇಳುವ ಕಿವಿ ಬದಲಾಗಿತ್ತು.

ಇಲ್ಲಿಂದ ಮುಂದೆ ಗಿಟಾರಿನ ದಾರಿ ಸಲೀಸಾಯಿತು. ಬೇಸಿನದು ಆಗಲಿಲ್ಲ. ಕಾರಣ ಸರಳ. ಸದ್ದಿನ ಅಲೆಯ ತಲೆಯನ್ನು ಕತ್ತರಿಸಿ ಚಪ್ಪಟೆ ಮಾಡುವುದೇ ಫಝ್. ಹಾಗೆ ಕತ್ತರಿಸಿದಾಗ ಮೂಲ ಸ್ವರದ ಜೊತೆ ಅದರ ಮೇಲಿನ ಸ್ವರಗಳು ಹುಟ್ಟಿಕೊಳ್ಳುತ್ತವೆ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಿಟಾರಿಗೆಂದು ಮಾಡಿದ ಪೆಟ್ಟಿಗೆಗಳು ಇಷ್ಟು ತಗ್ಗಿನ ಸದ್ದನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ. ಗುಂಡಿ ಒತ್ತಿದೊಡನೆ ಮೇಲಿನ ಕಿರುಚಾಟ ಉಳಿದು ಅಡಿಯ ಭಾರ ಮಾಯವಾಗುತ್ತದೆ. ಅಡಿಪಾಯವೇ ಕೆಲಸವಾಗಿರುವ ವಾದ್ಯಕ್ಕೆ ಇದು ದೊಡ್ಡ ನಷ್ಟ. ಇನ್ನೊಂದು ಕಡೆ ಲಾಭವೂ ಇದೆ. ಸಣ್ಣ ರೇಡಿಯೊದ ಸ್ಪೀಕರಿಗೆ 41ರ ಕಂಪನ ಹೊರಡಿಸಲಾಗದು, ಆದರೆ ಮೇಲಿನ ಸ್ವರಗಳು ಕೇಳಿಸಿದರೆ ಕೆಳಗಿನದನ್ನು ನಮ್ಮ ಕಿವಿ ಮತ್ತು ಮೆದುಳು ತಾವೇ ತುಂಬಿಕೊಳ್ಳುತ್ತವೆ. ಹರಿದ ಬೇಸ್ ಅಗ್ಗದ ರೇಡಿಯೊದಲ್ಲೂ ಕೇಳಿಸುತ್ತದೆ.

ಬೀಟಲ್ಸ್ ತಂಡದವರು ಇದಕ್ಕೆ ಸ್ಟುಡಿಯೊದಲ್ಲಿ ಒಂದು ಉಪಾಯ ಕಂಡುಕೊಂಡರು. 1965ರ ನವೆಂಬರ್‌ನಲ್ಲಿ 'ಥಿಂಕ್ ಫಾರ್ ಯುವರ್‌ಸೆಲ್ಫ್' ಹಾಡಿಗೆ ಪಾಲ್ ಮೆಕಾರ್ಟ್ನಿ ಎರಡು ಬೇಸ್ ನುಡಿಸಿದರು. ಒಂದು ಶುದ್ಧ, ಇನ್ನೊಂದು ಹರಿದದ್ದು. ಭಾರವನ್ನು ಒಂದು ಹೊತ್ತಿತು, ಮಾತನ್ನು ಇನ್ನೊಂದು ಆಡಿತು. ಮುಂದೆ ಬೇಸಿಗೆಂದೇ ತಯಾರಾದ ಎಷ್ಟೋ ಪೆಡಲ್‌ಗಳಲ್ಲಿ ಶುದ್ಧ ಸದ್ದನ್ನು ಪಕ್ಕದಲ್ಲೇ ಬೆರೆಸುವ ಒಂದು ಗುಂಡಿ ಇರುವುದು ಇದೇ ಉಪಾಯದ ಮುಂದುವರಿಕೆ. ಆದರೆ ಅಂಥ ಪೆಡಲ್‌ಗಳು ಹೇರಳವಾಗಿ ಬರಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಬೇಸ್ ನುಡಿಸುವವರು ಗಿಟಾರಿನವರ ಪೆಟ್ಟಿಗೆಗಳನ್ನು ಕೊಂಡು, ನೋಡಿ, ಸರಿಯಾಗದಿದ್ದರೆ ಮಾರಿ, ಇನ್ನೊಂದನ್ನು ಕೊಳ್ಳುತ್ತಿದ್ದರು. ಸೆಕೆಂಡ್ ಹ್ಯಾಂಡ್ ಪೇಟೆ ಇವರ ಪ್ರಯೋಗಶಾಲೆಯಾಯಿತು. ನೂರು ಡಾಲರಿಗೆ ಕೊಂಡ ಹಳೆಯ ಪೆಟ್ಟಿಗೆಯನ್ನು ತಿಂಗಳು ಬಿಟ್ಟು ಹೆಚ್ಚುಕಡಿಮೆ ಅಷ್ಟಕ್ಕೇ ಮಾರಲಾಗುವುದಾದರೆ ಕಳೆದುಕೊಳ್ಳುವುದೇನು? ಕೆಲವರು ಮುಚ್ಚಳ ತೆಗೆದು ಒಳಗಿನ ಒಂದು ಕೆಪಾಸಿಟರ್ ಬದಲಿಸಿ ತಗ್ಗು ಸ್ವರಕ್ಕೆ ದಾರಿ ಮಾಡಿಕೊಟ್ಟರು. ಕೆಲವೇ ರೂಪಾಯಿಯ ಸಾಮಾನು, ಹತ್ತು ನಿಮಿಷದ ಬೆಸುಗೆ.

ಎಲ್ಲ ಪ್ರಯೋಗವೂ ಹರಿದ ಸದ್ದಿನದೇ ಆಗಿರಲಿಲ್ಲ. ಮೈಕ್ ಬೈಗಲ್ ಎಂಬ ಎಂಜಿನಿಯರ್ ಗಿಲ್ಡ್ ಕಂಪೆನಿಗಾಗಿ ಒಂದು ದೊಡ್ಡ ಸಿಂಥಸೈಜರ್ ಮಾಡುತ್ತಿದ್ದರು. 1972ರಲ್ಲಿ ಆ ಕಂಪೆನಿಯ ಯಜಮಾನ ವಿಮಾನ ಅಪಘಾತದಲ್ಲಿ ತೀರಿಕೊಂಡು ಯೋಜನೆ ನಿಂತುಹೋಯಿತು. ಬೈಗಲ್ ಅದರ ಒಂದು ತುಂಡನ್ನು ಪ್ರತ್ಯೇಕಿಸಿ 'ಮ್ಯೂಟ್ರಾನ್ 3' ಎಂಬ ಪೆಡಲ್ ಮಾಡಿದರು. ತಂತಿಯನ್ನು ಜೋರಾಗಿ ಮೀಟಿದಷ್ಟೂ ಅದರ ಬಾಯಿ ಅಗಲವಾಗಿ ತೆರೆದು 'ವಾವ್' ಎನ್ನುತ್ತದೆ. ಬೂಟ್ಸಿ ಕಾಲಿನ್ಸ್ ಅದನ್ನು ಬೇಸಿಗೆ ಹಚ್ಚಿ ವಾದ್ಯಕ್ಕೆ ಮಾತು ಬರಿಸಿದರು. ಫಝ್ ಮತ್ತು ಇದನ್ನು ಒಟ್ಟಿಗೆ ಬಳಸುವವರಿಗೆ ಇಂದಿಗೂ ಒಂದು ಇಕ್ಕಟ್ಟಿದೆ. ಫಝ್ ಮೊದಲಿದ್ದರೆ ಅದು ಸದ್ದನ್ನೆಲ್ಲ ಒಂದೇ ಮಟ್ಟ ಮಾಡುವುದರಿಂದ ಮುಂದಿನ ಪೆಟ್ಟಿಗೆಗೆ ಜೋರು ಮೆಲ್ಲಗೆ ಗೊತ್ತಾಗದು. ಫಝ್ ನಂತರವಿದ್ದರೆ ಬಾಯಿ ತೆರೆದದ್ದೇ ಮಸುಕಾಗುತ್ತದೆ. ಎರಡರಲ್ಲಿ ಯಾವುದು ಸರಿಯೆಂದು ನಿರ್ಣಯಿಸಲು ಯಾವ ಪುಸ್ತಕವೂ ಸಾಲದು, ವೈರ್ ಕಿತ್ತು ಜೋಡಿಸಿ ನೋಡಲೇಬೇಕು.

ಬೇಸಿನವರು ಹುಡುಕುತ್ತಿದ್ದ ಫಝ್ ಕೊನೆಗೆ ಸಿಕ್ಕಿದ್ದು ಯಾರೂ ಎಣಿಸದ ಕಡೆಯಿಂದ. ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್ 1968ರಲ್ಲಿ 'ಎಲೆಕ್ಟ್ರೊ-ಹಾರ್ಮೋನಿಕ್ಸ್' ಕಂಪೆನಿ ಕಟ್ಟಿ, ಮರುವರ್ಷ 'ಬಿಗ್ ಮಫ್' ಎಂಬ ಫಝ್ ಪೆಡಲ್ ತಂದಿದ್ದರು. 1980ರ ದಶಕದ ಮೊದಲರ್ಧದಲ್ಲಿ ಕಾರ್ಮಿಕ ವಿವಾದ, ಸಾಲ, ದಿವಾಳಿ ಎಲ್ಲ ಬಂದು ಕಂಪೆನಿ ಮುಳುಗಿತು. ಮ್ಯಾಥ್ಯೂಸ್ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಪಶ್ಚಿಮದಲ್ಲಿ ತಯಾರಿಕೆ ನಿಲ್ಲುತ್ತಿದ್ದ ವಾಲ್ವ್‌ಗಳನ್ನು ಅಲ್ಲಿಂದ ತರಿಸಿ ಮಾರತೊಡಗಿದರು. ಹಳೆಯ ವಾಲ್ವ್ ರೇಡಿಯೊ ಕಂಡವರಿಗೆ ಆ ಗಾಜಿನ ಬುರುಡೆಗಳು ನೆನಪಿರಬಹುದು. ಈ ವ್ಯಾಪಾರದ ಹೆಸರು 'ಸೋವ್‌ಟೆಕ್'. ಒಕ್ಕೂಟ ಚೂರಾಗುತ್ತಿದ್ದ ಅದೇ ದಿನಗಳಲ್ಲಿ ಬಿಗ್ ಮಫ್ ಪೆಡಲನ್ನೂ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಾಡಿಸಲಾರಂಭಿಸಿದರು.

ಹಸಿರು ಬಣ್ಣದ, ಇಟ್ಟಿಗೆಯಂಥ ದೊಡ್ಡ ಪೆಟ್ಟಿಗೆ. ಟ್ಯಾಂಕಿಗೆ ಬಳಿದು ಉಳಿದ ಬಣ್ಣವೆಂದು ನುಡಿಸುವವರ ನಡುವೆ ಒಂದು ದಂತಕಥೆ. ಸ್ವಿಚ್ಚು ಒರಟು, ಕೆಲಸವೂ ಒರಟು. ಗಿಟಾರಿನವರಿಗೆ ಇದು ಅಮೆರಿಕದ ಪೆಟ್ಟಿಗೆಯ ಅಗ್ಗದ ರೂಪ. ಬೇಸಿನವರಿಗೆ ಮಾತ್ರ ಇದರೊಳಗೆ ಬೇರೇನೋ ಕೇಳಿಸಿತು. ಒಳಗಿನ ಭಾಗಗಳ ಅಳತೆ ತುಸು ಬೇರೆಯಾಗಿದ್ದರಿಂದ ಸದ್ದು ಹರಿದ ಮೇಲೂ ಅಡಿಯ ಭಾರ ಉಳಿಯುತ್ತಿತ್ತು. ಜಾಹೀರಾತಿನಲ್ಲಿ ಇಲ್ಲದ ಈ ಗುಣ ಬಾಯಿಂದ ಬಾಯಿಗೆ ಹರಡಿತು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಪೆಟ್ಟಿಗೆ ದುಬಾರಿಯಾಯಿತು. ಕಂಪೆನಿ ಸ್ವತಃ ಬೇಸಿಗೆಂದು ಪ್ರತ್ಯೇಕ ಬಿಗ್ ಮಫ್ ಹೊರತಂದದ್ದು 2008-09ರ ಸುಮಾರಿಗೆ. ಗಿರಾಕಿಗಳು ಕಂಡುಕೊಂಡದ್ದನ್ನು ಅದು ಒಪ್ಪಿಕೊಳ್ಳಲು ಹದಿನೈದು ವರ್ಷ ಬೇಕಾಯಿತು.

ಈ ನಡುವೆ ರಷ್ಯಾದ ಸರಾಟೊವ್ ನಗರದಲ್ಲಿದ್ದ ಮ್ಯಾಥ್ಯೂಸರ ವಾಲ್ವ್ ಕಾರ್ಖಾನೆಯನ್ನು ಕಬಳಿಸಲು 2006ರಲ್ಲಿ ಅಲ್ಲಿನ ಕೆಲವರು ಪ್ರಯತ್ನಿಸಿದರು. ವಿದ್ಯುತ್ ಕಡಿತದ ಕಿರುಕುಳವೂ ನಡೆಯಿತು. ನೂರಾರು ಜನರ ಕೆಲಸ ತೂಗುಯ್ಯಾಲೆಯಲ್ಲಿತ್ತು. ಸಂಗೀತಗಾರರ ಲೋಕದಿಂದ ಗದ್ದಲವೆದ್ದು, ಪತ್ರಿಕೆಗಳಲ್ಲಿ ಬಂದು, ಕಾರ್ಖಾನೆ ಉಳಿಯಿತು.

ಇಸ್ಲಾಮಿನ ವ್ಯಾಪಾರ ನಿಯಮಗಳನ್ನು ಓದಿದವರಿಗೆ ಈ ಇತಿಹಾಸ ಒಂದು ಕುತೂಹಲದ ಪ್ರಶ್ನೆಯನ್ನು ಎತ್ತುತ್ತದೆ. ಫಿಕ್ಹ್‌ನಲ್ಲಿ 'ಖಿಯಾರುಲ್ ಐಬ್' ಎಂಬುದೊಂದಿದೆ. ಕೊಂಡ ವಸ್ತುವಿನಲ್ಲಿ ಮೊದಲೇ ಇದ್ದ ದೋಷ ಆಮೇಲೆ ಗೊತ್ತಾದರೆ ಅದನ್ನು ಹಿಂದಿರುಗಿಸುವ ಹಕ್ಕು. ಹಾಗಾದರೆ ದೋಷ ಎಂದರೇನು? ಹನಫೀ ವಿದ್ವಾಂಸರು ಇದಕ್ಕೆ ಕೊಟ್ಟ ಅಳತೆಗೋಲು ಬಹಳ ಲೌಕಿಕವಾದದ್ದು. ವರ್ತಕರ ರೂಢಿಯಲ್ಲಿ ಯಾವುದು ಬೆಲೆಯನ್ನು ತಗ್ಗಿಸುತ್ತದೋ ಅದು ದೋಷ. ಆ ಅಳತೆಗೋಲಿನಿಂದ ನೋಡಿದರೆ ನ್ಯಾಶ್‌ವಿಲ್‌ನ ಕೆಟ್ಟ ಟ್ರಾನ್ಸ್‌ಫಾರ್ಮರ್ 1960ರಲ್ಲಿ ಐಬ್, 1965ರಲ್ಲಿ ಸರಕು. ರೂಢಿ ಬದಲಾದರೆ ದೋಷದ ಪಟ್ಟಿಯೂ ಬದಲಾಗುತ್ತದೆ. ಬದಲಾಗದ್ದು ಮುಚ್ಚಿಡುವುದರ ತಪ್ಪು. ಪ್ರವಾದಿ ಮುಹಮ್ಮದ್(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ತೇವವನ್ನು ಕಂಡ ಪ್ರಸಂಗ ನಮ್ಮ ಓದುಗರಿಗೆ ಗೊತ್ತಿರುವಂಥದ್ದೇ. ಮಳೆಗೆ ನೆನೆಯಿತೆಂಬುದು ಅಲ್ಲಿ ಅಪರಾಧವಾಗಲಿಲ್ಲ. ನೆನೆದದ್ದನ್ನು ಅಡಿಯಲ್ಲಿಟ್ಟು ಒಣಗಿದ್ದನ್ನು ಮೇಲಿಟ್ಟದ್ದು ಅಪರಾಧವಾಯಿತು.

ಪೆಡಲ್ ಪೇಟೆಯಲ್ಲಿ ಮುಚ್ಚಿಡುವುದಕ್ಕೆ ಇನ್ನೊಂದು ರೂಪವೂ ಇದೆ. ಬಿಲ್ ಫಿನೆಗನ್ ಎಂಬವರು 1994ರಿಂದ ಸುಮಾರು ಒಂದೂವರೆ ದಶಕ ಕೈಯಾರೆ ತಯಾರಿಸಿದ 'ಕ್ಲಾನ್ ಸೆಂಟಾರ್' ಗಿಟಾರಿನ ಪೆಡಲ್. ಬೇರೆಯವರು ನಕಲು ಮಾಡದಂತೆ ಒಳಗಿನ ಭಾಗಗಳ ಮೇಲೆ ಅವರು ಕಪ್ಪು ಅಂಟು ಸುರಿದು ಗಟ್ಟಿ ಮಾಡುತ್ತಿದ್ದರು. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಗಿರಾಕಿಯಿಂದ ದೋಷ ಮರೆಮಾಡುವುದೂ ಪ್ರತಿಸ್ಪರ್ಧಿಯಿಂದ ವಿದ್ಯೆ ಮರೆಮಾಡುವುದೂ ಒಂದೇ ಅಲ್ಲ. ಆದರೆ ಅಂಟು ಒಂದು ರಹಸ್ಯವನ್ನು ಹುಟ್ಟಿಸಿತು, ರಹಸ್ಯ ಬೆಲೆಯನ್ನು ಏರಿಸಿತು. ಯಾರೋ ಅಂಟು ಕೆರೆದು ನಕ್ಷೆ ಬರೆದರು, ನಕಲುಗಳು ಬಂದವು. ಆದರೂ ಮೂಲ ಪೆಟ್ಟಿಗೆಗೆ ಸಾವಿರಾರು ಡಾಲರ್ ಕೇಳುವುದು ತಪ್ಪಲಿಲ್ಲ. ಆ ದುಡ್ಡು ತಯಾರಿಸಿದವನಿಗೆ ಸೇರುವುದಿಲ್ಲ, ಕೊಂಡು ಕೂಡಿಟ್ಟವನಿಗೆ ಸೇರುತ್ತದೆ.

ಎಲೆಕ್ಟ್ರೊ-ಹಾರ್ಮೋನಿಕ್ಸ್ 2017ರಲ್ಲಿ ಹಸಿರು ರಷ್ಯನ್ ಪೆಟ್ಟಿಗೆಯನ್ನು ಅಂಗೈಯಗಲದ ಗಾತ್ರದಲ್ಲಿ ಮರಳಿ ತಂದಿತು. ಹಳೆಯದನ್ನು ಹುಡುಕುವವರು ಅದರಿಂದ ಕಡಿಮೆಯಾಗಲಿಲ್ಲ. ಬಣ್ಣ ಕಿತ್ತಿದೆ, ಗುಂಡಿ ಕರಕರ ಎನ್ನುತ್ತದೆ, ಸ್ವಿಚ್ಚು ಬದಲಾಯಿಸಿದೆ ಎಂದು ಬಿಡಿಸಿ ಹೇಳುವವನ ಪೆಟ್ಟಿಗೆ ಬೇಗ ಮಾರಿಹೋಗುತ್ತದೆ. ಹೇಳದವನಿಗೆ ಗಿರಾಕಿ ಮುಚ್ಚಳ ಬಿಚ್ಚಿ ಒಳಗಿನ ಫೋಟೊ ಕಳಿಸಲು ಹೇಳುತ್ತಾನೆ.